ನಮ್ಮ ಆಕಾಶಕ್ಕೆ ಬಾರದ ಬೆಟ್ಟಿ

ಯುದ್ಧವಿಮಾನಗಳ ಚರಿತ್ರೆ ಗಂಡಸರ ಸೊತ್ತು ಎಂದು ನಮ್ಮಲ್ಲೊಂದು ತಿಳುವಳಿಕೆ ಇದೆ. ಯಾವ ವಿಮಾನಕ್ಕೆ ಎಷ್ಟು ಎಂಜಿನ್, ಎಷ್ಟು ವೇಗ, ಎಷ್ಟು ಬಾಂಬು ಎಂಬುದನ್ನು ಅವರು ಕ್ರಿಕೆಟ್ ಸ್ಕೋರಿನ ಹಾಗೆ ಒಪ್ಪಿಸುತ್ತಾರೆ. ನಾವು ಕಾಫಿ ಲೋಟ ಇಟ್ಟು ಒಳಗೆ ಹೋಗುತ್ತೇವೆ. ಆದರೆ ಎರಡನೇ ಮಹಾಯುದ್ಧದ ಒಂದು ಜಪಾನಿ ಬಾಂಬರಿನ ವಿಷಯ ಓದುತ್ತ ಹೋದಂತೆ, ಅದರ ನೆರಳು ನಮ್ಮ ಅಡಿಗೆಮನೆಯ ಅಕ್ಕಿ ಡಬ್ಬದ ಮೇಲೂ ಬೀರುವಿನ ರೇಷ್ಮೆ ಸೀರೆಯ ಮೇಲೂ ಬಿದ್ದಿತ್ತು ಎಂದು ನನಗೆ ತೋರತೊಡಗಿತು. ಸಾಲದ್ದಕ್ಕೆ ಅದಕ್ಕೊಂದು ಹೆಣ್ಣಿನ ಹೆಸರು ಬೇರೆ. ಬೆಟ್ಟಿ.

ಹೆಸರಿಟ್ಟವರು ಜಪಾನೀಯರಲ್ಲ, ಅವರ ಶತ್ರುಗಳು. ಜಪಾನಿನ ವಿಮಾನಗಳ ಹೆಸರು ಅಮೆರಿಕದ ಸೈನಿಕರ ನಾಲಗೆಗೆ ಹೊರಳುತ್ತಿರಲಿಲ್ಲ. 1942ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಫ್ರಾಂಕ್ ಮೆಕಾಯ್ ಎಂಬ ಅಮೆರಿಕನ್ ಗುಪ್ತಚರ ಅಧಿಕಾರಿಯೂ ಅವನ ಸಂಗಡಿಗರೂ ಕುಳಿತು ಒಂದು ಸುಲಭದ ಪದ್ಧತಿ ಮಾಡಿದರು. ಹೊಡೆದಾಡುವ ಸಣ್ಣ ಫೈಟರ್ ವಿಮಾನಗಳಿಗೆ ಗಂಡು ಹೆಸರು, ಬಾಂಬು ಹೊತ್ತು ಬರುವ ದೊಡ್ಡ ವಿಮಾನಗಳಿಗೆ ಹೆಣ್ಣು ಹೆಸರು. ಹೀಗೆ ಸ್ಯಾಲಿ, ನೆಲ್, ಹೆಲೆನ್, ಬೆಟ್ಟಿ ಎಲ್ಲರೂ ಬಾಂಬು ಹೊರುವವರಾದರು. ಭಾರ ಹೊರುವ ಕೆಲಸಕ್ಕೆ ಹೆಣ್ಣಿನ ಹೆಸರೇ ಹೊಳೆದದ್ದು ನೋಡಿ ನನಗೆ ನಗು ಬಂತು. ಜಪಾನೀಯರು ಮಾತ್ರ ಅದನ್ನು 'ಒಂದನೇ ಮಾದರಿ' ಎಂದು ಕರೆದರು. ನಮಗೆ ಶಾಲಿವಾಹನ ಶಕೆ ಇರುವಂತೆ ಅವರಿಗೂ ಒಂದು ಸ್ವಂತ ವರ್ಷಗಣನೆ ಇತ್ತು. 1941 ಅವರ ಲೆಕ್ಕದಲ್ಲಿ 2601. ಆ ವರ್ಷ ನೌಕಾಪಡೆ ಸೇರಿದ ವಿಮಾನಕ್ಕೆ ಆ ಕೊನೆಯ ಒಂದೇ ಹೆಸರಾಯಿತು. ಕಾರ್ಖಾನೆಯವರು, ಇತಿಹಾಸಕಾರರು ಬಳಸುವ ಹೆಸರು ಮಿತ್ಸುಬಿಷಿ ಜಿ-4-ಎಂ.

ನಾನಿರುವುದು ಚಂದಾಪುರದಲ್ಲಿ. ಬೆಂಗಳೂರಿನಿಂದ ಹೊಸೂರು ರಸ್ತೆ ಹಿಡಿದು ಬಂದರೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ದಾಟಿದ ಮೇಲೆ ಆನೇಕಲ್‌ಗೆ ಬಲಕ್ಕೆ ತಿರುಗುವ ಸರ್ಕಲ್ ಇದೆಯಲ್ಲ, ಅದೇ ನಮ್ಮೂರು. ಬೆಳಿಗ್ಗೆ ಆರು ಗಂಟೆಗೇ ಕಾರ್ಖಾನೆಯ ಬಸ್ಸುಗಳು ಸಾಲುಗಟ್ಟುತ್ತವೆ. ಊಟದ ಡಬ್ಬಿ ಹಿಡಿದ ಹುಡುಗಿಯರು ಹತ್ತುತ್ತಾರೆ. ಇಂಥ ಊರಿನಲ್ಲಿ ಕೂತು ಜಪಾನಿನ ಬಾಂಬರಿನ ಬಗ್ಗೆ ಯೋಚಿಸುವುದಕ್ಕೆ ಕಾರಣ ನಮ್ಮಜ್ಜಿ. ಆನೇಕಲ್ ಕಡೆಯವರಾದ ಅಜ್ಜಿ ಯುದ್ಧದ ಕಾಲದಲ್ಲಿ ಹೊಸದಾಗಿ ಮದುವೆಯಾಗಿ ಬಂದವರು. ಅವರಿಗೆ ಹಿಟ್ಲರ್ ಗೊತ್ತಿರಲಿಲ್ಲ, ಆದರೆ 'ಜಪಾನಿನೋನು' ಚೆನ್ನಾಗಿ ಗೊತ್ತಿದ್ದ. "ಅವ್ನು ಇಲ್ಲಿಗೆ ಬಂದಿದ್ನಾ ಅಜ್ಜಿ?" ಎಂದು ಕೇಳಿದರೆ, "ಅವ್ನು ಬರ್ಲಿಲ್ಲ ಕಣಮ್ಮ, ಅವ್ನ ಹೆದ್ರಿಕೆ ಬಂತು. ಅದ್ರ ಹಿಂದೇನೇ ಅಕ್ಕಿ ಹೋಯ್ತು" ಎನ್ನುತ್ತಿದ್ದರು. ಆ ಮಾತು ಅಕ್ಷರಶಃ ಸತ್ಯ ಎಂದು ತಿಳಿದದ್ದು ಪುಸ್ತಕಗಳನ್ನು ತಿರುವಿದ ಮೇಲೆ.

ಕಥೆ ಆರಂಭವಾಗುವುದು 1937ರಲ್ಲಿ. ಜಪಾನಿನ ನೌಕಾಪಡೆ ಮಿತ್ಸುಬಿಷಿ ಕಂಪನಿಗೆ ಒಂದು ಬೇಡಿಕೆ ಇಟ್ಟಿತು. ಪೆಸಿಫಿಕ್ ಎಂದರೆ ನೀರೇ ನೀರು. ಆ ನೀರಿನ ಮೇಲೆ ಬಹುದೂರ ಹೋಗಿ ಶತ್ರುವಿನ ಹಡಗನ್ನು ಹೊಡೆದು ಹಿಂತಿರುಗಬಲ್ಲ ವಿಮಾನ ಬೇಕು. 800 ಕಿಲೋ ತೂಕದ ಟಾರ್ಪೆಡೋ ಹೊತ್ತು ಸುಮಾರು 3,700 ಕಿಲೋಮೀಟರ್ ಹಾರಬೇಕು. ಎಂಜಿನ್ ಮಾತ್ರ ಎರಡೇ ಇರಬೇಕು. ವಿನ್ಯಾಸ ಮಾಡಿದ ಎಂಜಿನಿಯರ್ ಕಿರೋ ಹೊಂಜೋ. ಇಷ್ಟು ದೂರಕ್ಕೆ ನಾಲ್ಕು ಎಂಜಿನ್ ಬೇಕು, ಆಗ ಒಳಗಿರುವವರಿಗೆ ರಕ್ಷಣೆಯನ್ನೂ ಕೊಡಬಹುದು ಎಂದು ಅವರು ಹೇಳಿ ನೋಡಿದರು. ನೌಕಾಪಡೆ ಒಪ್ಪಲಿಲ್ಲ.

ಕೈಯಲ್ಲಿರುವ ದುಡ್ಡು ಇಷ್ಟೇ, ಮದುವೆ ಮಾತ್ರ ಜೋರಾಗಿ ಆಗಬೇಕು ಎಂದರೆ ಏನು ಮಾಡುತ್ತೇವೆ? ಯಾರಿಗೂ ಕಾಣದ ಕಡೆ ಕೈ ಹಿಡಿಯುತ್ತೇವೆ. ಹೊಂಜೋ ಕೂಡ ಹಾಗೇ ಮಾಡಬೇಕಾಯಿತು. ರೆಕ್ಕೆಗಳ ಒಳಗನ್ನೇ ಪೆಟ್ರೋಲ್ ತೊಟ್ಟಿ ಮಾಡಿ ಸುಮಾರು 5,000 ಲೀಟರ್ ತುಂಬಿದರು. ಆ ತೊಟ್ಟಿಗೆ ರಕ್ಷಣೆ ಕೊಡುವ ವಿಧಾನ ಇತ್ತು. ತೊಟ್ಟಿಗೆ ರಬ್ಬರಿನ ಪದರ ಹೊದಿಸಿದರೆ, ಗುಂಡು ಬಿದ್ದು ತೂತಾದಾಗ ಪೆಟ್ರೋಲ್ ತಾಗಿದ ರಬ್ಬರ್ ಉಬ್ಬಿ ತೂತನ್ನು ತಾನೇ ಮುಚ್ಚುತ್ತದೆ. ಆದರೆ ರಬ್ಬರಿಗೆ ತೂಕವಿದೆ. ಕೂರುವವರ ಬೆನ್ನಿಗೆ ಉಕ್ಕಿನ ತಗಡು ಇಡಬಹುದಿತ್ತು. ಅದಕ್ಕೂ ತೂಕವಿದೆ. ತೂಕ ಹೆಚ್ಚಿದರೆ ದೂರ ಕಡಿಮೆಯಾಗುತ್ತದೆ. ಆದ್ದರಿಂದ ಎರಡನ್ನೂ ಬಿಟ್ಟರು. ಏಳು ಜನ ಕೂರುವ ಆ ವಿಮಾನದಲ್ಲಿ ಪೆಟ್ರೋಲಿಗೆ ಜಾಗ ಸಿಕ್ಕಿತು, ಟಾರ್ಪೆಡೋಗೆ ಸಿಕ್ಕಿತು. ಏಳು ಜನರ ಜೀವ ಕಾಯುವ ಸಾಮಾನಿಗೆ ಸಿಗಲಿಲ್ಲ.

ಮೊದಲ ವಿಮಾನ 1939ರ ಸೆಪ್ಟೆಂಬರಿನಲ್ಲಿ ನಗೋಯಾ ಪಟ್ಟಣದ ಕಾರ್ಖಾನೆಯಲ್ಲಿ ಸಿದ್ಧವಾಯಿತು. ಹಾರಿಸಿ ನೋಡುವ ಮೈದಾನ ಇದ್ದದ್ದು 48 ಕಿಲೋಮೀಟರ್ ದೂರದ ಕಗಾಮಿಗಹಾರದಲ್ಲಿ. ಸಾಗಿಸಲು ಲಾರಿ ಸಿಗಲಿಲ್ಲ. ಕೊನೆಗೆ ವಿಮಾನವನ್ನು ಬಿಚ್ಚಿ ಐದು ಎತ್ತಿನ ಗಾಡಿಗಳ ಮೇಲೆ ಹೇರಿ ಕಳಿಸಿದರು! ನಮ್ಮ ಆನೇಕಲ್ ರಸ್ತೆಯಲ್ಲಿ ರಾಗಿ ಮೂಟೆ ಹೇರಿಕೊಂಡು ಹೋಗುತ್ತಿದ್ದಂಥ ಗಾಡಿಗಳೇ ಎಂದುಕೊಳ್ಳಿ. ಜಗತ್ತಿನಲ್ಲೇ ಅತಿ ದೂರ ಹಾರುವ ಬಾಂಬರುಗಳಲ್ಲಿ ಒಂದು, ಎತ್ತುಗಳ ನಡಿಗೆಯಲ್ಲಿ ಹೋಗಿ ಆಕಾಶ ಸೇರಿತು. ಅಕ್ಟೋಬರ್ 23ರಂದು ಕತ್ಸುಜೋ ಶಿಮಾ ಎಂಬ ಪೈಲಟ್ ಅದನ್ನು ಮೊದಲ ಬಾರಿ ಹಾರಿಸಿದ. ನೌಕಾಪಡೆಯವರಿಗೆ ಬಹಳ ಸಂತೋಷವಾಯಿತು. ಮುಂದೆ ಯುದ್ಧ ಮುಗಿಯುವ ತನಕ ಇಂಥವು ಸುಮಾರು 2,400 ತಯಾರಾದವು.

1941ರ ಡಿಸೆಂಬರ್ 10. ಬ್ರಿಟಿಷರು ಸಿಂಗಪುರದ ರಕ್ಷಣೆಗೆಂದು 'ಪ್ರಿನ್ಸ್ ಆಫ್ ವೇಲ್ಸ್', 'ರಿಪಲ್ಸ್' ಎಂಬ ಎರಡು ಮಹಾ ಯುದ್ಧನೌಕೆಗಳನ್ನು ಕಳಿಸಿದ್ದರು. ಇಂದಿನ ವಿಯೆಟ್ನಾಂನ ಸೈಗಾನ್ ಸುತ್ತಲಿನ ನೆಲೆಗಳಿಂದ ಹೊರಟ ಜಪಾನಿ ವಿಮಾನಗಳು, ಬೆಟ್ಟಿಗಳೂ ಅವುಗಳ ಅಕ್ಕನಂಥ ಹಳೆಯ ನೆಲ್‌ಗಳೂ ಸೇರಿ, ಮಲಯದ ಕಡಲಿನಲ್ಲಿ ಎರಡನ್ನೂ ಮುಳುಗಿಸಿದವು. ಸತ್ತ ನಾವಿಕರು 840. ಜಪಾನೀಯರು ಕಳೆದುಕೊಂಡದ್ದು ಮೂರು ವಿಮಾನ. ತೆರೆದ ಕಡಲಿನಲ್ಲಿ ಸಾಗುತ್ತಿರುವ, ಎದುರಿಸಿ ನಿಂತ ಯುದ್ಧನೌಕೆಗಳನ್ನು ಬರೇ ವಿಮಾನಗಳು ಮುಳುಗಿಸಿದ್ದು ಅದೇ ಮೊದಲು. ಹಡಗಿನ ಬಲದಿಂದ ಜಗತ್ತನ್ನಾಳುವ ಕಾಲ ಅಂದಿಗೆ ಮುಗಿಯಿತು ಎನ್ನುತ್ತಾರೆ.

ಆ ಹಡಗುಗಳು ಮುಳುಗಿದ್ದಕ್ಕೂ ನಮ್ಮ ಸೀಮೆಗೂ ಏನು ಸಂಬಂಧ? ಒಂದೊಂದೇ ಗಂಟು ಬಿಚ್ಚಿ ನೋಡಬೇಕು. ಹಡಗಿನ ಕಾವಲು ತಪ್ಪಿದ ಸಿಂಗಪುರ 1942ರ ಫೆಬ್ರವರಿ 15ರಂದು ಶರಣಾಯಿತು. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸಿಪಾಯಿಗಳಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯ ಒಂದು ತುಕಡಿಯೂ ಇತ್ತು. ಆ ಸಿಪಾಯಿಗಳ ಹೆಂಡತಿಯರು, ತಾಯಂದಿರು ಇಲ್ಲಿನ ಹಳ್ಳಿಗಳಲ್ಲಿ ಯುದ್ಧ ಮುಗಿಯುವವರೆಗೆ ಕಾದರು. ಕುಂಕುಮ ಇಡಬೇಕೋ ಬೇಡವೋ ಎಂಬುದೂ ತಿಳಿಯದ ಕಾಯುವಿಕೆ ಅದು. ಯುದ್ಧದ ಚರಿತ್ರೆಯಲ್ಲಿ 'ಒಂದು ತುಕಡಿ ಸೆರೆಯಾಯಿತು' ಎಂಬ ಮೂರು ಪದಗಳಲ್ಲಿ ಇಷ್ಟೆಲ್ಲ ಮುಗಿದುಹೋಗುತ್ತದೆ.

ಇತ್ತ ಬರ್ಮಾದ ಮೇಲೆ ಜಪಾನಿನ ಭೂಸೇನೆಯ ಬಾಂಬರುಗಳು, ಅಂದರೆ ಸ್ಯಾಲಿಗಳು, ಎರಗಿದವು. 1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಬಾಂಬು ಬಿತ್ತು. ಬೀದಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ ಜನ ಸಾವಿರಗಟ್ಟಲೆ ಸತ್ತರು. ಮಾರ್ಚ್ 8ಕ್ಕೆ ರಂಗೂನು ಬಿತ್ತು. ಅಲ್ಲಿದ್ದ ಲಕ್ಷಾಂತರ ಭಾರತೀಯರು ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡು ಕಾಡುಬೆಟ್ಟ ಹತ್ತಿ ಇಳಿದು ಭಾರತಕ್ಕೆ ನಡೆದರು. ದಾರಿಯಲ್ಲೇ ಸಾವಿರಾರು ಜನ ಕಾಲರಾ, ಮಲೇರಿಯಾ, ಹಸಿವಿಗೆ ತುತ್ತಾದರು. ಅವರ ಜತೆಗೇ ಇನ್ನೊಂದು ನಿಂತುಹೋಯಿತು: ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಗಿಲಾಗಿ ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ. ಬಂಗಾಳದಲ್ಲಿ 1943ರಲ್ಲಿ ಬಂದ ಭೀಕರ ಕ್ಷಾಮಕ್ಕೆ ಇದೂ ಒಂದು ಕಾರಣ. ಸರ್ಕಾರದ ಧೋರಣೆ, ದಾಸ್ತಾನು, ಬೆಲೆಯೇರಿಕೆ ಬೇರೆ ಕಾರಣಗಳು. ನಮ್ಮದು ರಾಗಿ ತಿನ್ನುವ ಸೀಮೆಯಾದ್ದರಿಂದ ಬದುಕಿಕೊಂಡೆವು. ಅನ್ನ ಮಾತ್ರ ಹಬ್ಬದ ಅಡಿಗೆಯಾಯಿತು, ಪೇಟೆಗಳಿಗೆ ರೇಷನ್ ಬಂತು. ಅಜ್ಜಿ 'ಅದ್ರ ಹಿಂದೇನೇ ಅಕ್ಕಿ ಹೋಯ್ತು' ಎಂದದ್ದು ಇದನ್ನೇ.

ಏಪ್ರಿಲ್ ತಿಂಗಳಲ್ಲಿ ಹೆದರಿಕೆ ಇನ್ನೂ ಹತ್ತಿರ ಬಂತು. 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಜಪಾನಿ ನೌಕೆಗಳಿಂದೆದ್ದ ಸಣ್ಣ ವಿಮಾನಗಳು ಬಾಂಬು ಹಾಕಿದವು. ಮುಂದಿನ ಸರದಿ ಮದರಾಸಿನದೇ ಎಂದು ಊರಿಗೆ ಊರೇ ಖಾಲಿಯಾಯಿತು. ರೈಲುಗಳ ತುಂಬ ಜನ ಒಳನಾಡಿಗೆ ಹೊರಟರು. ಬೆಂಗಳೂರಿಗೆ ಬಂದವರೂ ಬಹಳ. ಬಾಂಬು ಬಿದ್ದರೆ ಪಂಜರದ ಪ್ರಾಣಿಗಳು ತಪ್ಪಿಸಿಕೊಂಡಾವೆಂದು ಮದರಾಸು ಮೃಗಾಲಯದ ಹುಲಿ, ಸಿಂಹಗಳನ್ನು ಗುಂಡಿಟ್ಟು ಕೊಂದರು. ಬಾರದ ವಿಮಾನದ ಹೆದರಿಕೆಗೆ ಸತ್ತ ಜೀವಗಳು ಅವು.

ಬೆಂಗಳೂರಿಗೂ ಆ ಹೆದರಿಕೆಯಿಂದ ಒಂದು ವಸ್ತು ಬಂತು, ಅದೇ ನಮ್ಮ ವಿಮಾನ ಕಾರ್ಖಾನೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲೇ ವಿಮಾನ ಮಾಡಬೇಕೆಂಬ ಹಟ. ಅವರ ಜೊತೆಗೂಡಿದ ಅಮೆರಿಕದ ವಿಲಿಯಂ ಪಾಲಿ ಅದಕ್ಕೆ ಮೊದಲು ಚೀನಾದಲ್ಲಿ, ಬರ್ಮಾ ಗಡಿಯ ಲೋಯಿವಿಂಗ್ ಎಂಬಲ್ಲಿ, ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಅದರ ಮೇಲೆ 1940ರ ಅಕ್ಟೋಬರಿನಲ್ಲಿ ಜಪಾನಿ ಬಾಂಬರುಗಳು ದಾಳಿ ಮಾಡಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸರ್ಕಾರ ಜಮೀನು ಕೊಟ್ಟು ಪಾಲುದಾರನೂ ಆಯಿತು. ಸಮುದ್ರದಿಂದ ದೂರ, ಶತ್ರು ವಿಮಾನಕ್ಕೆ ಎಟುಕದ ಊರು ಎಂಬುದೂ ಬೆಂಗಳೂರಿನ ಒಂದು ಯೋಗ್ಯತೆಯಾಗಿತ್ತು. 1941ರಲ್ಲಿ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ, 1942ರಲ್ಲಿ ಹಾಕ್ ಎಂಬ ಫೈಟರ್ ಇಲ್ಲಿ ಜೋಡಣೆಯಾಗಿ ಹಾರಿದವು. ಜಪಾನ್ ಬಾಗಿಲಿಗೆ ಬಂದಾಗ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಿಂದ ಅಮೆರಿಕದ ವಾಯುಪಡೆಯವರು ಬಂದು ಕೂತರು. ಬರ್ಮಾದ ಯುದ್ಧದಲ್ಲಿ ನಜ್ಜುಗುಜ್ಜಾದ ಬಾಂಬರುಗಳೂ ಸಾಮಾನು ಸಾಗಿಸುವ ಡಕೋಟಾಗಳೂ ನೀರಿನ ಮೇಲಿಳಿಯುವ ಕ್ಯಾಟಲಿನಾಗಳೂ ಇಲ್ಲಿ ದುರಸ್ತಿಯಾದವು. ಲೋಹದ ಕೆಲಸ ಕೈಗೆ ಹತ್ತಿದ ಊರು ಮತ್ತೆ ಸುಮ್ಮನಿರುತ್ತದೆಯೇ? ಸ್ವಾತಂತ್ರ್ಯದ ನಂತರ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. 1978ರಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ಆ ಬೆಳವಣಿಗೆಯ ಬಳ್ಳಿ ಹೊಸೂರು ರಸ್ತೆ ಹಿಡಿದು ಬೊಮ್ಮಸಂದ್ರ ದಾಟಿ ನಮ್ಮ ಚಂದಾಪುರಕ್ಕೆ ಬಂದು ಮುಟ್ಟಿತು.

ರೇಷ್ಮೆಯ ವಿಷಯವೂ ಇಲ್ಲೇ ಹೇಳಿಬಿಡಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಕೆಲಸ ಕಲಿಸಲು ಜಪಾನಿನಿಂದ ಒಡ್ಜು ಎಂಬ ದಂಪತಿಗಳನ್ನು ಕರೆಸಿದ್ದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ. ಆಮೇಲೆ ಅದೇ ಜಪಾನಿನ ಅಗ್ಗದ ರೇಷ್ಮೆ ನಮ್ಮ ರೇಷ್ಮೆ ಸಾಕುವವರ ಹೊಟ್ಟೆಯ ಮೇಲೆ ಹೊಡೆಯಿತು. ಯುದ್ಧ ಬಂದು ಜಪಾನಿನ ರೇಷ್ಮೆ ನಿಂತಾಗ, ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಸರ್ಕಾರವೇ ಮೈಸೂರಿನ ಕಡೆ ನೋಡಿತು. ಹುಳು ಸಾಕಿದವರ, ನೂಲು ತೆಗೆದವರ ಕೈ ತುಂಬ ಕೆಲಸ. ಮಗ್ಗಗಳ ಊರಾದ ಆನೇಕಲ್‌ನ ಹತ್ತಿರವೇ ಇದ್ದರೂ ನನಗೆ ಈ ಸಂಗತಿ ಮೈ ಜುಮ್ಮೆನಿಸಿತು. ಧಾರೆಗೆ ಉಡುವ ನೂಲು ಆಕಾಶದಿಂದ ಬೀಳುವ ಮನುಷ್ಯನ ಜೀವಕ್ಕೆ ಆಧಾರವಾಯಿತಲ್ಲ!

ಬೆಟ್ಟಿಯ ಕಡೆಗೆ ಮತ್ತೆ ಬರೋಣ. ಮೊದಲ ಆರು ತಿಂಗಳು ಎದುರಾಳಿಗಳಿಗೆ ಸಿದ್ಧತೆ ಇರಲಿಲ್ಲ, ಅವಳು ಗೆದ್ದಳು. ಫೈಟರುಗಳು ಎದುರು ನಿಂತ ಮೇಲೆ ಬಿಟ್ಟ ರಬ್ಬರಿನ, ಬಿಟ್ಟ ಉಕ್ಕಿನ ಲೆಕ್ಕ ಹೊರಬಂತು. ರೆಕ್ಕೆಗೆ ಕೆಲವು ಗುಂಡು ಬಿದ್ದರೆ ಸಾಕು, ವಿಮಾನ ಬೆಂಕಿಯಾಗುತ್ತಿತ್ತು. ದುಂಡು ಮೈಯನ್ನು ನೋಡಿ ಅದನ್ನು ಹಾರಿಸುವವರು 'ಹಮಾಕಿ', ಅಂದರೆ ಚುಟ್ಟ, ಎಂದು ಮುದ್ದಿನಿಂದ ಕರೆಯುತ್ತಿದ್ದರು. ಶತ್ರುಗಳು 'ಒಂದೇ ಗೀರಿಗೆ ಹತ್ತುವ ಲೈಟರು' ಎಂದು ಹಾಸ್ಯ ಮಾಡಿದರು. ಒಳಗಿದ್ದ ಏಳು ಜನರೂ ಯಾರದೋ ಮಕ್ಕಳೇ.

ಜಪಾನಿ ನೌಕಾಪಡೆಯ ಸಂಯುಕ್ತ ನೌಕಾದಳದ ದಂಡನಾಯಕ ಯಮಾಮೊಟೊ ಕೂಡ ಸತ್ತದ್ದು ಬೆಟ್ಟಿಯಲ್ಲೇ. 1943ರ ಏಪ್ರಿಲ್ 18ರಂದು ಅವರ ಪ್ರಯಾಣದ ಗುಟ್ಟು ತಿಳಿದ ಅಮೆರಿಕನ್ ಫೈಟರುಗಳು ಬೂಗನ್‌ವಿಲ್ ದ್ವೀಪದ ಮೇಲೆ ಅವರ ವಿಮಾನವನ್ನು ಹೊಡೆದುರುಳಿಸಿದವು. ಅದರ ಅವಶೇಷ ಇಂದಿಗೂ ಅಲ್ಲಿನ ಕಾಡಿನಲ್ಲಿದೆ. ತೊಟ್ಟಿಗೆ ರಕ್ಷಣೆ ಕೊಟ್ಟ ಹೊಸ ಮಾದರಿ ಬಂದಾಗ ಯುದ್ಧ ಮುಗಿಯುತ್ತ ಬಂದಿತ್ತು. ಅವು ನೂರನ್ನೂ ಮುಟ್ಟಲಿಲ್ಲ. ಅಷ್ಟರಲ್ಲಿ ಹಿಂತಿರುಗುವ ಆಸೆಯನ್ನೇ ಬಿಟ್ಟ ಇನ್ನೊಂದು ಯೋಜನೆ ಸಿದ್ಧವಾಗಿತ್ತು. ಮನುಷ್ಯ ಒಳಗೆ ಕೂತು ಹಡಗಿಗೆ ಡಿಕ್ಕಿ ಹೊಡೆಯುವ ಬಾಂಬು ಅದು, ಹೆಸರು 'ಓಕಾ', ಎಂದರೆ ಚೆರ್ರಿ ಹೂ. ಅದನ್ನು ಹೊಟ್ಟೆಯಡಿ ಕಟ್ಟಿಕೊಂಡು 1945ರ ಮಾರ್ಚ್ 21ರಂದು ಮೊದಲ ಸಲ ಹೊರಟ ಬೆಟ್ಟಿಗಳಲ್ಲಿ ಒಂದೂ ಮರಳಲಿಲ್ಲ. ಸಾವಿಗೆ ಹೂವಿನ ಹೆಸರಿಡುವ ಜಾಣತನ ಎಲ್ಲ ದೇಶದ ಯುದ್ಧಗಳಲ್ಲೂ ಇರುತ್ತದೆ.

ಒಂದು ಸಲ ಮಾತ್ರ ಬೆಟ್ಟಿ ಶಾಂತಿಗಾಗಿ ಹಾರಿದಳು. 1945ರ ಆಗಸ್ಟ್ 19ರಂದು ಶರಣಾಗತಿಯ ಮಾತುಕತೆಗೆ ಹೊರಟ ಜಪಾನಿ ನಿಯೋಗವನ್ನು ಎರಡು ಬೆಟ್ಟಿಗಳು ಈ ಶಿಮಾ ಎಂಬ ದ್ವೀಪಕ್ಕೆ ಕರೆದೊಯ್ದವು. ಅಮೆರಿಕನ್ನರ ಆಜ್ಞೆಯಂತೆ ಅವುಗಳ ಮೈಗೆ ಬಿಳಿ ಬಣ್ಣ ಬಳಿದು ಹಸಿರು ಶಿಲುಬೆ ಬರೆದಿದ್ದರು. ಹಿಂತಿರುಗುವಾಗ ಒಂದಕ್ಕೆ ಪೆಟ್ರೋಲ್ ಮುಗಿದು ಕಡಲತೀರದಲ್ಲಿ ಇಳಿಯಬೇಕಾಯಿತು. ಬಹುದೂರ ಹಾರಲೆಂದೇ ಎಲ್ಲವನ್ನೂ ಬಿಟ್ಟುಕೊಟ್ಟ ವಿಮಾನಕ್ಕೆ ಕಡೆಯಲ್ಲಿ ದೂರವೂ ದಕ್ಕಲಿಲ್ಲ. ಇಂದು ಪೂರ್ತಿಯಾದ ಒಂದು ಬೆಟ್ಟಿಯೂ ಜಗತ್ತಿನಲ್ಲಿ ಉಳಿದಿಲ್ಲ. ತುಂಡುಗಳು ವಸ್ತುಸಂಗ್ರಹಾಲಯಗಳಲ್ಲಿವೆ.

ವಿಮಾನದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಅದನ್ನು ಮಾಡಿದ ಕೈಗಳು ಯಾರವು? ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಜಪಾನಿನ ಕಾರ್ಖಾನೆಗಳಿಗೆ ಶಾಲೆಯ ಹುಡುಗ ಹುಡುಗಿಯರನ್ನು ಕರೆತಂದರು. ಆಗ ಜಪಾನಿನ ಕೈಕೆಳಗಿದ್ದ ಕೊರಿಯಾದಿಂದಲೂ ಹದಿಮೂರು, ಹದಿನಾಲ್ಕು ವಯಸ್ಸಿನ ಹುಡುಗಿಯರನ್ನು ನಗೋಯಾದ ಮಿತ್ಸುಬಿಷಿ ವಿಮಾನ ಕಾರ್ಖಾನೆಗೆ ತಂದರು. ಅಲ್ಲಿಗೆ ಬಂದರೆ ಹೈಸ್ಕೂಲಿಗೆ ಸೇರಿಸುತ್ತೇವೆ, ಸಂಬಳವೂ ಇದೆ ಎಂದು ಹೇಳಿದ್ದರು. ಶಾಲೆ ಸಿಗಲಿಲ್ಲ, ಸಂಬಳ ಕೈಸೇರಲಿಲ್ಲ. ವಿಮಾನದ ತಗಡಿಗೆ ಬಣ್ಣ ಬಳಿಯುವ, ಬಿಡಿಭಾಗ ಉಜ್ಜುವ ಕೆಲಸ ಸಿಕ್ಕಿತು. 1944ರ ಡಿಸೆಂಬರ್ 7ರಂದು ದೊಡ್ಡ ಭೂಕಂಪವಾಗಿ ಕಾರ್ಖಾನೆಯ ಕಟ್ಟಡ ಕುಸಿದಾಗ ಸತ್ತವರಲ್ಲಿ ಆ ಕೊರಿಯನ್ ಹುಡುಗಿಯರು ಆರು ಮಂದಿ.

ಬದುಕಿ ಊರಿಗೆ ಮರಳಿದವರು ಬಹುಕಾಲ ಬಾಯಿ ಬಿಡಲಿಲ್ಲ. 'ಜಪಾನಿಗೆ ಹೋಗಿದ್ದವಳು' ಎಂದರೆ ಊರವರು ಏನೇನೋ ಅರ್ಥ ಕಲ್ಪಿಸುತ್ತಿದ್ದರು. ಗಂಡನಿಗೂ ಹೇಳದೆ ಬದುಕಿದವರಿದ್ದರು. ಮುದುಕಿಯರಾದ ಮೇಲೆ ಅವರು ಕೋರ್ಟಿಗೆ ಹೋದರು. ಜಪಾನಿನ ನ್ಯಾಯಾಲಯಗಳಲ್ಲಿ ಸೋತರು. ಬಿಡದೆ ತಮ್ಮ ದೇಶದಲ್ಲೇ ಮೊಕದ್ದಮೆ ಹೂಡಿದರು. 2018ರ ನವೆಂಬರ್ 29ರಂದು ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟು, ಕಂಪನಿ ಅವರಿಗೆ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು. ಹದಿನಾಲ್ಕರಲ್ಲಿ ಹೋದ ಹುಡುಗಿ ಎಂಬತ್ತು ದಾಟಿದ ಮೇಲೆ ಬಂದ ನ್ಯಾಯ! ಎರಡು ದೇಶಗಳ ನಡುವೆ ಅದರ ಬಗೆಗೆ ಆಮೇಲೂ ಜಗಳ ನಡೆಯಿತು. ಆದರೂ, ನಡೆದದ್ದು ತಪ್ಪು ಎಂದು ಒಂದು ದೊಡ್ಡ ನ್ಯಾಯಾಲಯ ಬರೆದುಕೊಟ್ಟ ಕಾಗದ ಅವರ ಕೈಯಲ್ಲಿ ಉಳಿಯಿತು.

ಇಷ್ಟನ್ನು ತಿಳಿದ ಮೇಲೆ ನನಗೆ ಬೆಟ್ಟಿಯ ವೇಗ, ದೂರ ಯಾವುದೂ ಅಷ್ಟು ಮುಖ್ಯವಾಗಿ ಕಾಣಲಿಲ್ಲ. ದೊಡ್ಡ ಗುರಿ ಇಟ್ಟುಕೊಂಡವರು ಭಾರ ಕಡಿಮೆ ಮಾಡಬೇಕೆಂದಾಗ ಮೊದಲು ಯಾವುದನ್ನು ಕೆಳಗಿಳಿಸಿದರು ಎಂಬುದೇ ಉಳಿಯಿತು. ವಿಮಾನದೊಳಗಿನ ಏಳು ಜನ ಆ ಪಟ್ಟಿಯಲ್ಲಿದ್ದರು. ಕಾರ್ಖಾನೆಯೊಳಗಿನ ಹುಡುಗಿಯರೂ ಇದ್ದರು. ಯುದ್ಧವಿಲ್ಲದ ಕಾಲದಲ್ಲೂ ಈ ಲೆಕ್ಕ ನಡೆಯುತ್ತಲೇ ಇರುತ್ತದೆ. ನಮ್ಮ ಪಕ್ಕದ ಮನೆಯ ಹುಡುಗಿ ಹೋದ ತಿಂಗಳು ಕಾರ್ಖಾನೆಯ ಕೆಲಸಕ್ಕೆ ಸೇರಿದಳು. ಅವಳ ತಾಯಿ ಸಂಬಳ ಎಷ್ಟು, ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಂಡಿದ್ದರು. ನಾನು ಇನ್ನೊಂದು ಮಾತು ಸೇರಿಸಿದೆ: "ಬೆಂಕಿ ಬಿದ್ದರೆ ಹೊರಬರೋ ಬಾಗಿಲು ಎಲ್ಲಿದೆ, ಅದಕ್ಕೆ ಬೀಗ ಹಾಕಿರ್ತಾರಾ, ಅದನ್ನೂ ನೋಡ್ಕೊಂಡು ಬಾರಮ್ಮ." ಅವಳು ನಕ್ಕಳು. ಮಾರನೆಯ ದಿನ ಸಂಜೆ ಬಂದು, "ನೋಡ್ಕೊಂಡು ಬಂದೆ ಆಂಟಿ, ಎರಡು ಬಾಗಿಲಿದೆ, ಬೀಗ ಇಲ್ಲ" ಎಂದಳು.